ನಾಲ್ಕನೆಯ ಬಟ್ಟೆ

ಮೂರನೆಯ ಬೆಳಗ್ಗೆಯೂ ಆಕಾಶ ತೊಳೆದಿಟ್ಟ ಹಾಗಿತ್ತು. ಉಳಿದ ಮೂವರು ಅದನ್ನು ಹೊಗಳುತ್ತ ಕಾಫಿ ಕುಡಿಯುತ್ತಿದ್ದರು. ಐಲರ್ಟ್ ಮಾತ್ರ ಪಶ್ಚಿಮಕ್ಕೆ ಬೆನ್ನು ಹಾಕಿ ಕೂತಿದ್ದ. ಈ ಬಯಲಿಗೆ ಮಳೆ ಬರುವುದಿದ್ದರೆ ಪಶ್ಚಿಮದಿಂದಲೇ ಬರಬೇಕು. ತಾನು ನೋಡದಿದ್ದರೆ ಬರಲಾರದು ಎಂಬ ನಂಬಿಕೆ ಐವತ್ತೆಂಟು ವರ್ಷದ, ಪುರಸಭೆಯ ಭೂದಾಖಲೆ ವಿಭಾಗದಲ್ಲಿ ಮೂವತ್ತು ವರ್ಷ ಗಡಿಗಲ್ಲುಗಳ ಜಗಳ ಬಿಡಿಸಿದ ಮನುಷ್ಯನಿಗೆ ಒಪ್ಪುವಂಥದ್ದಲ್ಲವೆಂದು ಅವನಿಗೂ ಗೊತ್ತಿತ್ತು. ಆದರೂ ತಿರುಗಲಿಲ್ಲ. ರೊಟ್ಟಿಯ ಮೇಲೆ ಕಂದು ಚೀಸನ್ನು ಎಷ್ಟು ತೆಳ್ಳಗೆ ಹೆರೆದಿದ್ದನೆಂದರೆ ಅದರಾಚೆಯಿಂದ ಬೆಳಕು ಕಾಣುತ್ತಿತ್ತು.

"ಸೂರ್ಯನ್ನ ನುಂಗೋ ಹಾಗೆ ನೋಡ್ತಿದ್ದೀಯಲ್ಲೋ," ಎಂದ ಪೆಡರ್. ಬಸ್ಸು ಓಡಿಸಿ ನಿವೃತ್ತನಾದ ಪೆಡರ್‌ಗೆ ಯಾರಾದರೂ ಸುಮ್ಮನಿದ್ದರೆ ಸಹಿಸಲಾಗುತ್ತಿರಲಿಲ್ಲ. "ಕಣ್ಣು ಹೋದೀತು. ಆಮೇಲೆ ನಿನ್ನ ಕೈ ಹಿಡಿದು ನಡೆಸೋಕೆ ನನ್ನಿಂದ ಆಗಲ್ಲ."

"ಚಳಿ ಆಯ್ತು. ಅದಕ್ಕೆ."

"ಚಳಿಯಂತೆ. ಹೆರ್ಡಿಸ್ ನೋಡು, ಅಂಗಿಯ ತೋಳು ಮೇಲೆ ಮಡಚಿಕೊಂಡು ಕೂತಿದ್ದಾಳೆ. ನಿನಗಿಂತ ಗಟ್ಟಿ."

ಹೆರ್ಡಿಸ್ ನಕ್ಕಳು. ಅವಳು ನಕ್ಕಾಗಲೆಲ್ಲ ಐಲರ್ಟ್ ರೊಟ್ಟಿಯ ಕಡೆ ಕಣ್ಣು ಇಳಿಸುತ್ತಿದ್ದ. ಸಣ್ಣ ಮೈಯ ಹೆಂಗಸು. ಮಾರ್ಚ್‌ನಲ್ಲಿ ಗಂಡನನ್ನು ಕಳೆದುಕೊಂಡ ಮೇಲೆ ಇನ್ನೂ ಸಣ್ಣಗಾಗಿದ್ದಳು. ಅವಳ ಹಿಂದೆ, ಬೆಳಗಿನ ಬಿಸಿಲಿಗೆ ಒಣಗುತ್ತ, ಡೇರೆ ನಿಂತಿತ್ತು. ಅದರ ನಾಲ್ಕು ಬಟ್ಟೆಗಳಲ್ಲಿ ಅವಳು ಮಲಗುವ ಬದಿಯ ಬಟ್ಟೆ ಉಳಿದವುಗಳಿಗಿಂತ ಒಂದು ಛಾಯೆ ತಿಳಿ. ಅದನ್ನು ಯಾರೂ ಗಮನಿಸಿರಲಿಲ್ಲ. ಐಲರ್ಟ್ ಮೂರು ದಿನದಿಂದ ಬೇರೇನನ್ನೂ ಗಮನಿಸಿರಲಿಲ್ಲ.

ಸೈನ್ಯ ಆ ಡೇರೆಯನ್ನು ಯೋಚಿಸಿದ್ದೇ ಹಾಗೆ: ಒಬ್ಬನಿಗೆ ಒಂದು ಬಟ್ಟೆ. ಒಂದು ಬಟ್ಟೆಯಿಂದ ಯಾರಿಗೂ ಮನೆಯಾಗುವುದಿಲ್ಲ. ನಾಲ್ಕು ಜನ ಸೇರಿ, ಅಂಚಿಗೆ ಅಂಚು ತಂದು, ಎರಡು ಸಾಲು ಗುಂಡಿ ಹಾಕಿ, ನಡುವೆ ಕೋಲು ನಿಲ್ಲಿಸಿದರೆ ಮಾತ್ರ ಡೇರೆ. ಬೆಳಗಾದರೆ ಗುಂಡಿ ಬಿಚ್ಚಿ ಅವರವರ ಬಟ್ಟೆ ಅವರವರ ಬೆನ್ನುಚೀಲಕ್ಕೆ. ದಾರಿಯಲ್ಲಿ ಮಳೆ ಬಂದರೆ ಅದನ್ನೇ ಮಡಚಿ, ಕತ್ತಿನ ಹತ್ತಿರ ಗುಂಡಿ ಹಾಕಿಕೊಂಡು ಹೊದ್ದು ನಡೆಯುವುದು. ಉತ್ತರದ ಸೈನಿಕ ಛಾವಣಿಯಲ್ಲಿ ಇಪ್ಪತ್ತರ ವಯಸ್ಸಿನಲ್ಲಿ ಒಂದೇ ಡೇರೆಯಲ್ಲಿ ಮಲಗಿದ್ದ ನಾಲ್ವರು, ಸೈನ್ಯ ಹಳೆಯ ಸಾಮಾನು ಮಾರಿದಾಗ ಹೋಗಿ ನಾಲ್ಕು ಬಟ್ಟೆ ಕೊಂಡು, ತಲೆಗೊಂದರಂತೆ ಮನೆಯಲ್ಲಿಟ್ಟುಕೊಂಡು, ಪ್ರತಿ ಸೆಪ್ಟೆಂಬರ್‌ನಲ್ಲಿ ಈ ಮರವಿಲ್ಲದ ಎತ್ತರದ ಬಯಲಿಗೆ ಐದು ದಿನಕ್ಕೆ ಬರುತ್ತಿದ್ದರು. ಆಗ ಕಾರ್ಪೊರಲ್ ಆಗಿದ್ದ ಸ್ಟೈನಾರ್ ಈಗಲೂ ಕಾರ್ಪೊರಲ್. ನಡುವಿನ ಮೂವತ್ತೆಂಟು ವರ್ಷ ಅವನು ಶಾಲೆಯೊಂದರ ಬಾಯ್ಲರು ನೋಡಿಕೊಂಡದ್ದು ಒಂದು ದೀರ್ಘ ರಜೆ ಮಾತ್ರ. ಅವನ ಕಾನೂನು ಎರಡೇ. ಯಾರ ಬಟ್ಟೆಯೋ ಅವರು ಅದರ ಕೆಳಗೆ ಮಲಗಬೇಕು. ನೈಲಾನ್ ಎಂಬುದು ಡೇರೆಯ ನೂರು ಮಾರು ಹತ್ತಿರ ಸುಳಿಯಬಾರದು. ಹೆರ್ಡಿಸ್ ತಂದಿದ್ದ ನೀಲಿ ರೇನ್‌ಕೋಟು ಅವನ ಒಂದು ನಗೆಗೆ ಹೆದರಿ ಪೆಡರ್‌ನ ಕಾರಿನಲ್ಲೇ ಉಳಿದಿತ್ತು.

ಕಾರು. ಪೆಡರ್‌ನ ಕಾರಿನ ಹಿಂದಿನ ಸೀಟಿನಲ್ಲಿ, ಹೋದ ವರ್ಷ ಇದೇ ಪ್ರವಾಸದ ಕೊನೆಯ ದಿನ, ಐಲರ್ಟ್ ತನ್ನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತಿದ್ದ. ಪ್ರಾಸ್ಟೇಟ್ ಆಪರೇಷನ್ ಆಗಿ ಎರಡು ತಿಂಗಳಾಗಿತ್ತು. ಯಾರಿಗೂ ಹೇಳಿರಲಿಲ್ಲ. ಇಳಿಜಾರಿನಲ್ಲಿ ಒಮ್ಮೆ ಕಾಲು ಜಾರಿದಾಗ ಮೊದಲಾದದ್ದು ನಿಲ್ಲಲಿಲ್ಲ. ಬೆಚ್ಚಗೆ, ಯಾವ ಅವಸರವೂ ಇಲ್ಲದೆ, ತೊಡೆಯ ಒಳಬದಿಯಲ್ಲಿ ಇಳಿಯಿತು. ಬಟ್ಟೆಯನ್ನು ಸೊಂಟಕ್ಕೆ ಸುತ್ತಿಕೊಂಡ. ಸೀಟಿನ ಮೇಲೆ ಹಾಸಿಕೊಂಡ. "ಏನೋ ಅದು, ಮೊಟ್ಟೆಗೆ ಕಾವು ಕೊಡ್ತಿದ್ದೀಯಾ?" ಎಂದು ಪೆಡರ್ ಕನ್ನಡಿಯಲ್ಲಿ ನೋಡಿ ಕೇಳಿದ. ಪಕ್ಕದಲ್ಲಿದ್ದ ಹೆರ್ಡಿಸ್‌ಳ ಗಂಡ ಗುಡ್ಮುನ್ ಮಾತ್ರ ಏನೂ ಹೇಳದೆ ಕಿಟಕಿಯ ಗಾಜನ್ನು ಎರಡು ಬೆರಳಿನಷ್ಟು ಇಳಿಸಿದ. ಮೂರು ಗಂಟೆಯ ದಾರಿ. ಆ ಎರಡು ಬೆರಳಿನ ಸಂದಿಯಿಂದ ಬಂದ ಗಾಳಿಯನ್ನು ಐಲರ್ಟ್ ಇವತ್ತಿಗೂ ಕ್ಷಮಿಸಿರಲಿಲ್ಲ, ಅದು ದಯೆ ಎಂದು ಗೊತ್ತಿದ್ದೂ.

ಮನೆಗೆ ಹೋದವನೇ ಬಚ್ಚಲ ತೊಟ್ಟಿಯಲ್ಲಿ ಬಿಸಿನೀರು ತುಂಬಿ, ನೆಲ ಒರೆಸುವ ಹಸಿರು ಸೋಪನ್ನು ಅರ್ಧ ಡಬ್ಬಿ ಸುರಿದು, ಮೂರು ಸಲ ಒಗೆದ. ಹೆಂಡತಿ ಬಿಟ್ಟುಹೋಗಿ ಹನ್ನೊಂದು ವರ್ಷವಾಗಿದ್ದರಿಂದ ತಡೆಯುವವರು ಯಾರೂ ಇರಲಿಲ್ಲ. ಮೂರನೆಯ ಸಲ ಹಿಂಡುವಾಗ ಮಾತ್ರ ಕೈ ನಿಂತಿತು. ಒತ್ತಾಗಿ ನೇಯ್ದ ಆ ಹತ್ತಿಬಟ್ಟೆಗೆ ಸೋಪು ಸೋಕಿಸಬಾರದು ಎಂಬುದು ಛಾವಣಿಯಲ್ಲಿ ಬಂದೂಕು ಹಿಡಿಯುವುದಕ್ಕೂ ಮೊದಲು ಕಲಿಸಿದ ಪಾಠ. ಸೋಪು ಬಿದ್ದ ಬಟ್ಟೆ ನೀರನ್ನು ತಡೆಯುವುದನ್ನು ಮರೆತುಬಿಡುತ್ತದೆ. ಒಣಗಿದ ಮೇಲೆ ಒಂದು ಚಮಚ ನೀರು ಹಾಕಿ ನೋಡಿದ. ಬಟ್ಟೆ ಒತ್ತುಕಾಗದದ ಹಾಗೆ ಕುಡಿಯಿತು. ಬೇರೆ ಬಟ್ಟೆ ಕೊಳ್ಳಬಹುದಿತ್ತು. ಆದರೆ ಅಂಗಡಿಯಲ್ಲಿ ಉಳಿದವು ಬೇರೆ ವರ್ಷದವು. ಗುಂಡಿಗಳ ನಡುವಿನ ಅಂತರ ಒಂದು ಬೆರಳು ಹೆಚ್ಚು. ಸ್ಟೈನಾರ್ ಮೊದಲನೆಯ ಕಾಜಕ್ಕೇ ಹಿಡಿದುಹಾಕುತ್ತಿದ್ದ. ಯಾಕೆ ಎಂದು ಕೇಳುತ್ತಿದ್ದ. ಐಲರ್ಟ್ ಹೆದರಿದ್ದು ಆ ಒಂದು ಪ್ರಶ್ನೆಗೆ.

ಮಾರ್ಚ್‌ನಲ್ಲಿ ಗುಡ್ಮುನ್ ಸತ್ತ, ಹಿಮ ತೆಗೆಯುವಾಗ, ಸಲಿಕೆ ಹಿಡಿದುಕೊಂಡೇ. ಏಪ್ರಿಲ್‌ನಲ್ಲಿ ಐಲರ್ಟ್ ಅವನ ಮನೆಗೆ ಹೋದ. ಡೇರೆಯ ಕೋಲು, ಗೂಟಗಳ ಚೀಲ ಅಲ್ಲಿನ ನೆಲಮಾಳಿಗೆಯಲ್ಲಿರುತ್ತಿದ್ದವು, ತರಬೇಕಿತ್ತು. ಅಂಥದ್ದೇನೂ ಮಾಡುವ ಉದ್ದೇಶದಿಂದ ಹೋಗಲಿಲ್ಲ ಎಂದು ಅವನಿಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ಬೆನ್ನುಚೀಲದಲ್ಲಿ ತನ್ನ ಬಟ್ಟೆ ಇತ್ತು. ಹೆರ್ಡಿಸ್ ಮೇಲೆ ವಾಫಲ್ ಹೆಂಚನ್ನು ಕಾಯಿಸುತ್ತಿದ್ದಳು. ಬೆಣ್ಣೆಯ ವಾಸನೆ ಮೆಟ್ಟಿಲಿಳಿದು ಬರುತ್ತಿತ್ತು. ಗುಡ್ಮುನ್‌ನ ಬಟ್ಟೆ ಕಪಾಟಿನಲ್ಲಿ ಮಡಚಿದ ಮಡಿಕೆಯಲ್ಲೇ ಇತ್ತು. ಸತ್ತವನಿಗೆ ಡೇರೆ ಯಾಕೆ, ಇದಿನ್ನು ಇಲ್ಲೇ ಧೂಳು ತಿನ್ನುತ್ತದೆ, ನೆಲಮಾಳಿಗೆಯ ಬೆಳಕಿನಲ್ಲಿ ಎರಡೂ ಒಂದೇ ಬಣ್ಣ, ಒಂದೇ ಅಳತೆ. ಅದಲುಬದಲು ಮಾಡಲು ವಾಫಲ್ ಒಂದು ಬದಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಮೇಲೆ ಬಂದು ಕೈ ತೊಳೆದು, ಅವಳು ಹಚ್ಚಿಕೊಟ್ಟ ಜಾಮಿನ ಜೊತೆ, ಒಂದಲ್ಲ, ಮೂರು ತಿಂದ.

ಆಗಸ್ಟ್‌ನಲ್ಲಿ ಸ್ಟೈನಾರ್ ಫೋನು ಮಾಡಿದ. "ಹೆರ್ಡಿಸ್ ಬರ್ತಾಳೆ. ಗುಡ್ಮುನ್ ಬಟ್ಟೆ ತರ್ತಾಳೆ. ನಾಲ್ಕು ಅಂದ್ರೆ ನಾಲ್ಕು."

"ಚೆನ್ನಾಯ್ತು," ಎಂದಿದ್ದ ಐಲರ್ಟ್.

ಎಂಟು ಗಂಟೆಗೆ ಗುಂಡಿ ಬಿಚ್ಚಿ ಹೊರಟರು. ಸ್ಟೈನಾರ್ ಮುಂದೆ, ಪೆಡರ್ ಅವನ ಹಿಂದೆ, ಆಮೇಲೆ ಹೆರ್ಡಿಸ್, ಕೊನೆಗೆ ಐಲರ್ಟ್. ಅವಳ ಚೀಲದ ಮೇಲ್ಭಾಗದಲ್ಲಿ ಕಟ್ಟಿದ್ದ ಬಟ್ಟೆ ಒಂದೊಂದು ಹೆಜ್ಜೆಗೂ ಅವನ ಕಣ್ಣೆದುರು ಕುಣಿಯುತ್ತಿತ್ತು. ಕಲ್ಲುಹೂವು ಕಾಲಡಿ ಕರಕರ ಮುರಿಯುತ್ತಿತ್ತು. ಇನ್ನೆರಡು ದಿನ, ಎಂದು ಅವನು ಲೆಕ್ಕ ಹಾಕಿದ. ಇನ್ನೊಂದು ರಾತ್ರಿ ಬಯಲಿನಲ್ಲಿ, ಒಂದು ದಾರಿಹೋಕರಿಗೆಂದು ಕಟ್ಟಿದ ಕಲ್ಲುಮನೆಯಲ್ಲಿ, ಅಷ್ಟೆ. ಎರಡು ದಿನ ಮಳೆ ಬಾರದಿದ್ದರೆ ಈ ವರ್ಷ ಮುಗಿಯಿತು. ಮುಂದಿನ ವರ್ಷ ಅವಳು ಬರಲಿಕ್ಕಿಲ್ಲ. ಬಂದರೂ ಅಷ್ಟರಲ್ಲಿ ತಾನೇ ಸತ್ತಿರಬಹುದು. ಈ ಯೋಚನೆ ಅವನಿಗೆ ಎಷ್ಟು ಸಮಾಧಾನ ಕೊಟ್ಟಿತೆಂದರೆ ಸ್ವಲ್ಪ ನಾಚಿಕೆಯೇ ಆಯಿತು.

ಹೆರ್ಡಿಸ್ ನಿಧಾನಿಸಿ ಅವನ ಪಕ್ಕಕ್ಕೆ ಬಂದಳು.

"ಅವರಿಬ್ಬರ ಮುಂದೆ ಹೇಳೋಕೆ ಆಗಲಿಲ್ಲ," ಎಂದಳು. "ಏಪ್ರಿಲ್‌ನಲ್ಲಿ ನೀನು ಬಂದೆ. ಸಾವಿನ ವಾರ ಎಲ್ಲರೂ ಬಂದ್ರು, ಕೇಕು ತಂದ್ರು. ಆಮೇಲೆ ಬಂದವನು ನೀನೊಬ್ಬನೇ."

"ಕೋಲು ತಗೊಂಡು ಹೋಗೋಕೆ ಬಂದಿದ್ದೆ."

"ಕೋಲು ಒಂದು ನೆಪ ಅಂತ ನನಗೆ ಗೊತ್ತಾಗಲ್ವಾ?"

ಅವನು ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೆಜ್ಜೆ ಇಡುವುದರಲ್ಲಿ ಬಹಳ ಮಗ್ನನಾದವನಂತೆ ನಟಿಸಿದ.

"ಒಂದು ಪೆದ್ದ ವಿಷಯ ಹೇಳ್ತೀನಿ, ನಗಬೇಡ," ಎಂದಳು. "ಅವನು ಹೋದ ಮೇಲೆ ನನಗೆ ಒಗೆಯೋ ಹುಚ್ಚು ಹಿಡೀತು. ಶರಟು, ದಿಂಬಿನ ಚೀಲ, ಅವನ ಕೆಲಸದ ಕೋಟು. ಎಲ್ಲ ಒಗೆದು ಇಸ್ತ್ರಿ ಮಾಡಿ ಇಟ್ಟೆ. ಮೇ ತಿಂಗಳಲ್ಲಿ ಒಂದಿನ ಗೊತ್ತಾಯ್ತು, ಮನೇಲಿ ಅವನ ವಾಸನೆ ಇರೋದು ಒಂದೂ ಉಳಿದಿಲ್ಲ ಅಂತ. ಆಗ ನೆನಪಾಯ್ತು, ಡೇರೆ ಬಟ್ಟೆ. ಪೈಪು ಸೇದ್ತಾ ಅದರ ಕೆಳಗೇ ಮಲಗ್ತಿದ್ನಲ್ಲ. ಓಡಿಹೋಗಿ ಮುಖ ಇಟ್ಟೆ."

"ಹೂಂ."

"ಸೋಪಿನ ವಾಸನೆ. ಅದನ್ನೂ ಒಗೆದುಬಿಟ್ಟಿದ್ದೀನಿ ಅನ್ಸುತ್ತೆ. ನೆನಪೇ ಇಲ್ಲ ನೋಡು. ಆ ದಿನಗಳೇ ನೆನಪಿಲ್ಲ."

ಗುಡ್ಮುನ್‌ನ ಬಟ್ಟೆ ಐಲರ್ಟ್‌ನ ಬೆನ್ನ ಮೇಲಿತ್ತು. ಅದಕ್ಕೆ ಪೈಪಿನ ತಂಬಾಕಿನ, ಮೀನಿನ ಎಣ್ಣೆಯ, ಹಳೆಯ ಹೊಗೆಯ ವಾಸನೆಯಿತ್ತು. ಬೇಸಿಗೆಯುದ್ದಕ್ಕೂ ಅವನ ಮನೆಯ ಕಪಾಟಿನ ಬಾಗಿಲು ತೆಗೆದಾಗಲೆಲ್ಲ ಗುಡ್ಮುನ್ ಕೆಮ್ಮಿ ಒಳಗಿಂದ ಹೊರಬಂದಂತೆ ಆಗುತ್ತಿತ್ತು. ಆ ವಾಸನೆ ಹೋಗಲೆಂದು ಅವನು ಬಟ್ಟೆಯನ್ನು ಮೂರು ವಾರ ಬಾಲ್ಕನಿಯಲ್ಲಿ ನೇತುಹಾಕಿದ್ದ. ಅದು ಹೋಗಿರಲಿಲ್ಲ. ಹೋಗಲಿಲ್ಲ ಎಂದು ಅವನು ಅದರ ಮೇಲೆ ರೇಗಿದ್ದ.

"ಹೋಗಲಿ ಬಿಡು," ಎಂದಳು ಹೆರ್ಡಿಸ್. "ಬಟ್ಟೆ ತಾನೆ."

ಹನ್ನೊಂದಕ್ಕೆ ಗಾಳಿ ತಿರುಗಿತು. ಐಲರ್ಟ್ ಕೊನೆಗೂ ಪಶ್ಚಿಮಕ್ಕೆ ನೋಡಿದ. ಅಲ್ಲಿ ಪರ್ವತ ಇರಬೇಕಾದ ಕಡೆ ಪರ್ವತ ಇರಲಿಲ್ಲ. ಗೋಡೆಯೊಂದಿತ್ತು, ಅಡಿಗೆಮನೆಯ ಹಳೆಯ ಪಾತ್ರೆಯ ತಳದ ಬಣ್ಣದ್ದು. ಸ್ಟೈನಾರ್ ಬೆರಳನ್ನು ಬಾಯಲ್ಲಿಟ್ಟು ಒದ್ದೆ ಮಾಡಿ ಎತ್ತಿ ಹಿಡಿದ, ಅದರಿಂದ ಗೊತ್ತಾಗುವಂಥದ್ದೇನೂ ಉಳಿದಿರಲಿಲ್ಲವಾದರೂ.

"ಇಲ್ಲೇ ಕಟ್ಟೋಣ," ಎಂದ. "ಎರಡು ಗಂಟೆಯಲ್ಲಿ ಹಾದುಹೋಗುತ್ತೆ."

"ಕಲ್ಲುಮನೆಗೆ ಹೋಗಿಬಿಡೋಣ," ಎಂದ ಐಲರ್ಟ್. ಅವನ ದನಿ ಅವನಿಗೇ ಅಪರಿಚಿತವೆನಿಸುವಷ್ಟು ಮೇಲೆ ಹೋಯಿತು. "ನಾಲ್ಕೇ ಗಂಟೆ ದಾರಿ."

"ಮೂವತ್ತೆಂಟು ವರ್ಷದಲ್ಲಿ ಮಳೆಗೆ ಹೆದರಿ ಓಡಿಲ್ಲ ನಾವು. ಇವತ್ತೇನು ಬಂತು ನಿನಗೆ?"

"ಅವನಿಗೆ ಬೆಳಗ್ಗೆಯಿಂದ ಏನೋ ಬಂದಿದೆ," ಎಂದ ಪೆಡರ್. "ಸೂರ್ಯನ್ನ ನುಂಗಿದಾನೆ, ಅರಗ್ತಿಲ್ಲ."

ಆಗಲೇ ಹೇಳಬಹುದಿತ್ತು. ಬಾಯಿ ತೆರೆದಿದ್ದ ಕೂಡ. ಆದರೆ ಸ್ಟೈನಾರ್ ಗೂಟ ಎಣಿಸುತ್ತಿದ್ದ, ಪೆಡರ್ ಬಟ್ಟೆಯ ಅಂಚನ್ನು ಕೈಗೆ ಕೊಟ್ಟ, ಬೆರಳುಗಳು ತಾವಾಗಿ ಗುಂಡಿ ಹಾಕತೊಡಗಿದವು. ಮೇಲಿನ ಅಂಚು, ಕೆಳಗಿನ ಅಂಚು, ಹೊರಗಿನ ಸಾಲು, ಒಳಗಿನ ಸಾಲು. ಒಂದು ಪಕ್ಕಕ್ಕೆ ಹೆರ್ಡಿಸ್‌ಳ ಬಟ್ಟೆ. ಅಂದರೆ ತನ್ನ ಬಟ್ಟೆ. ತನ್ನ ಬಟ್ಟೆಯನ್ನು ಗುಡ್ಮುನ್‌ನ ಬಟ್ಟೆಗೆ ಅವನೇ ಗುಂಡಿ ಹಾಕಿ ಸೇರಿಸಿದ. ಗಾಳಿಗೆ ಎದುರಾಗುವ ಬದಿಯ ಸರದಿ ಇವತ್ತು ಯಾರದ್ದು ಎಂದು ಸ್ಟೈನಾರ್ ಬೆರಳು ಮಡಚಿ ನೋಡಿದ. ಮೊದಲ ದಿನ ತನ್ನದು, ಎರಡನೆಯ ದಿನ ಪೆಡರ್‌ನದು.

"ಇವತ್ತು ಗುಡ್ಮುನ್‌ದು," ಎಂದ. "ಅವನ ಬಟ್ಟೆ ಇರೋವಾಗ ಭಯವಿಲ್ಲ. ನಮ್ಮೆಲ್ಲರಿಗಿಂತ ಜೋಪಾನ ಮಾಡ್ತಿದ್ದೋನು ಅವನೇ."

ಮಳೆ ಹನಿಹನಿಯಾಗಿ ಬರಲಿಲ್ಲ. ಒಮ್ಮೆಲೇ ಬಂತು, ಅರ್ಧ ಹಿಮವಾಗಿ, ಅಡ್ಡಡ್ಡವಾಗಿ. ನಾಲ್ವರೂ ಒಳಗೆ ಮೊಣಕಾಲು ಮಡಚಿ ಕೂತರು. ಪಂಪ್ ಸ್ಟೌವಿನ ಮೇಲೆ ಕೆಟಲು. ಪೆಡರ್ ಒಣ ಕುರಿಮಾಂಸವನ್ನು ಚಾಕುವಿನಲ್ಲಿ ಕೊಯ್ದು ಹಂಚುತ್ತ, ತಾನು ಬಸ್ಸು ಓಡಿಸುವಾಗ ಒಬ್ಬ ಮುದುಕಿ ಮೇಕೆಗೆ ಅರ್ಧ ಟಿಕೆಟ್ ಕೇಳಿದ ಕತೆ ಹೇಳಿದ. ಅದನ್ನು ಪ್ರತಿ ವರ್ಷ ಹೇಳುತ್ತಿದ್ದ. ಪ್ರತಿ ವರ್ಷ ಮುದುಕಿಯ ವಯಸ್ಸು ಹೆಚ್ಚುತ್ತಿತ್ತು. ಐಲರ್ಟ್ ಕೇಳಿಸಿಕೊಳ್ಳಲಿಲ್ಲ. ಅವನು ಎದುರಿನ ಬಟ್ಟೆಯನ್ನು ನೋಡುತ್ತಿದ್ದ. ತನ್ನ ತಲೆಯ ಮೇಲೆ ಹನಿಗಳು ಟಪಟಪ ಬಿದ್ದು ಉರುಳಿಹೋಗುವ ಸದ್ದು. ಹೆರ್ಡಿಸ್‌ಳ ತಲೆಯ ಮೇಲೆ ಸದ್ದಿರಲಿಲ್ಲ. ಅಲ್ಲಿ ಬಿದ್ದದ್ದು ಉರುಳುತ್ತಿರಲಿಲ್ಲ, ಇಂಗುತ್ತಿತ್ತು. ಮೊದಲು ಒಂದು ಕಪ್ಪು ಚುಕ್ಕೆ, ರೂಪಾಯಿಯಗಲ. ಆಮೇಲೆ ಅದು ಅಂಗೈಯಾಯಿತು. ಪಕ್ಕದಲ್ಲಿ ಇನ್ನೊಂದು. ಎರಡೂ ಕೂಡಿಕೊಂಡವು. ಅವನಿಗೆ ಹೋದ ವರ್ಷ ತನ್ನ ಪ್ಯಾಂಟಿನ ಮೇಲೆ ಹರಡಿದ್ದ ಕಪ್ಪು ಹೀಗೆಯೇ ಅಂಚು ಬೆಳೆಸಿಕೊಂಡು ಇಳಿದದ್ದು ಕಂಡಿತು. ಮೈ ಇದ್ದಕ್ಕಿದ್ದಂತೆ ಸಡಿಲವಾಗಿ, ಇಲ್ಲೇ, ಇವರ ನಡುವೆ, ಮತ್ತೆ ಆಗುತ್ತದೆ ಎಂದು ಗಾಬರಿಯಾಗಿ ತೊಡೆ ಬಿಗಿಹಿಡಿದ.

ಮೊದಲ ಹನಿ ಹೆರ್ಡಿಸ್‌ಳ ಕಾಫಿಗೆ ಬಿತ್ತು. ಅವಳು ಮೇಲೆ ನೋಡಿದಳು. ಎರಡನೆಯದು ಹಣೆಗೆ.

"ಒಳಗಿಂದ ಮುಟ್ಟಿದ್ಯಾ ಬಟ್ಟೇನ? ಮುಟ್ಟಿದ್ರೆ ಸೋರುತ್ತೆ," ಎಂದು ಸ್ಟೈನಾರ್ ಕೇಳಿದ.

"ಇಲ್ಲವಲ್ಲ."

ಅರ್ಧ ಗಂಟೆಯಲ್ಲಿ ಅದು ಹನಿಯಾಗಿ ಉಳಿಯಲಿಲ್ಲ. ಬಟ್ಟೆಯ ಒಳಮೈಯಲ್ಲಿ ನೀರು ಹಾಳೆಯಂತೆ ಇಳಿದು ಅವಳ ಮಲಗುವ ಚೀಲಕ್ಕೆ ಸೇರಿತು. ಸ್ಟೈನಾರ್ ಮೊಣಕಾಲೂರಿ ಹೋಗಿ, ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ, ಬೆರಳು ಮೂಸಿದ. ಅವನ ಮುಖದಲ್ಲಿ ಮೂಡಿದ್ದು ಕೋಪವಲ್ಲ. ಚರ್ಚಿನಲ್ಲಿ ಯಾರೋ ಸಿಗರೇಟು ಹಚ್ಚಿದ್ದನ್ನು ಕಂಡವನ ದಿಗ್ಭ್ರಮೆ.

"ಸೋಪು," ಎಂದ.

"ಗುಡ್ಮುನ್ ಸೋಪು ಹಾಕಿದ್ನಾ?" ಎಂದ ಪೆಡರ್. "ಅವನಾ?"

"ವಯಸ್ಸಾದ ಮೇಲೆ ಮನುಷ್ಯ ಏನು ಮಾಡ್ತಾನೋ ಹೇಳೋಕಾಗಲ್ಲ. ಛಾವಣಿಯಲ್ಲಾಗಿದ್ರೆ ಮೂರು ದಿನ ಸೆರೆಕೋಣೆಗೆ ಹಾಕ್ತಿದ್ರು."

"ಅವನಲ್ಲ," ಎಂದಳು ಹೆರ್ಡಿಸ್. ಅವಳ ಹಲ್ಲು ಕಟಕಟ ಸದ್ದು ಮಾಡತೊಡಗಿತ್ತು. "ನಾನು. ಒಗೆಯೋ ಹೊತ್ತಲ್ಲಿ ಇದನ್ನೂ ಹಾಕಿರಬೇಕು. ನನಗೆ ಗೊತ್ತಿರಲಿಲ್ಲ ಸ್ಟೈನಾರ್. ಅವನನ್ನ ಏನೂ ಅನ್ನಬೇಡ. ಕ್ಷಮಿಸಿ, ನಿಮ್ಮ ಪ್ರವಾಸ ಎಲ್ಲ ಹಾಳು ಮಾಡಿದೆ. ಪೆಡರ್, ನಿನ್ನ ಚೀಲನೂ ಒದ್ದೆ ಆಗ್ತಿದೆ, ಈ ಕಡೆ ಎಳ್ಕೋ."

ಅವಳು ಒಬ್ಬೊಬ್ಬರ ಮುಖ ನೋಡಿ ಕ್ಷಮೆ ಕೇಳಿದಳು. ಐಲರ್ಟ್‌ನ ಸರದಿ ಬಂದಾಗ ಅವನು ತಲೆಯಾಡಿಸಿದ. ಪರವಾಗಿಲ್ಲ ಎಂಬಂತೆ. ಆ ತಲೆಯಾಡಿಸುವಿಕೆಯನ್ನು ತನ್ನ ಕುತ್ತಿಗೆಯೇ ಮಾಡಿತು, ತಾನಲ್ಲ ಎಂದು ಅವನಿಗನ್ನಿಸಿತು. ಕಚೇರಿಯಲ್ಲಿ ಮೂವತ್ತು ವರ್ಷ ಎದುರು ಕೂತವರಿಗೆಲ್ಲ ಹಾಗೇ ಆಡಿಸಿದ ಕುತ್ತಿಗೆ. ಅವಳನ್ನು ತನ್ನ ಜಾಗಕ್ಕೆ ಕೂರಿಸಿ ತಾನು ಅಲ್ಲಿ ಹೋಗಿ ಕೂತ. ಬೆನ್ನಿಗೆ ಹಿಮದ ನೀರು ಇಳಿಯಿತು.

"ನೋಡಿದ್ಯಾ," ಎಂದ ಪೆಡರ್, ಈ ಸಲ ತಮಾಷೆಯಿಲ್ಲದೆ. "ಐಲರ್ಟ್ ಒಳ್ಳೆಯವನು. ಬೇಜಾರಿನ ಮನುಷ್ಯ, ಆದ್ರೆ ಒಳ್ಳೆಯವನು."

ಒಂದು ಗಂಟೆಗೆ ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತು. ಉಣ್ಣೆಯಂಗಿ ಒಳಗಿನವರೆಗೂ ನೆನೆದಿತ್ತು. ಬದಲಿ ಬಟ್ಟೆಯಿದ್ದ ಚೀಲವನ್ನು ಅವಳು ಆ ಬದಿಗೇ ಒತ್ತಿ ಇಟ್ಟಿದ್ದರಿಂದ ಅದೂ ನೆನೆದಿತ್ತು. ಪೆಡರ್ ತನ್ನ ಒಣ ಶರಟು ಕೊಟ್ಟ, ಅವರು ಮೂವರೂ ಮುಖ ತಿರುಗಿಸಿದರು, ಅವಳು ತೊಟ್ಟಳು. ಸ್ಟೈನಾರ್ ಹೊರಗೆ ತಲೆ ಹಾಕಿ ನೋಡಿ ಬಂದ.

"ಇದು ಎರಡು ಗಂಟೇದಲ್ಲ. ಇಡೀ ದಿನದ್ದು, ನಾಳೆದೂ ಇರಬಹುದು. ಈ ಡೇರೆ ನಮ್ಮನ್ನ ರಾತ್ರಿ ಕಾಯಲ್ಲ. ಬೆಳಕಿರೋವಾಗ್ಲೇ ಕಲ್ಲುಮನೆ ಮುಟ್ಟಬೇಕು." ಅವನು ಐಲರ್ಟ್‌ನ ಕಡೆ ನೋಡಲಿಲ್ಲ. "ನಡೀತಾ ಇದ್ರೆ ಮೈ ಬಿಸಿ ಇರುತ್ತೆ. ಅವರವರ ಬಟ್ಟೆ ಹೊದ್ಕೊಳ್ಳಿ."

ಬಿರುಗಾಳಿಯಲ್ಲಿ ಗುಂಡಿ ಬಿಚ್ಚಿದರು. ಡೇರೆ ಕಳಚಿ ನಾಲ್ಕು ತುಂಡಾಗಿ ನಾಲ್ವರ ಕೈಯಲ್ಲಿ ಪಟಪಟ ಬಡಿದುಕೊಂಡಿತು. ಹೆರ್ಡಿಸ್ ಒದ್ದೆ ಭಾರದ ಬಟ್ಟೆಯನ್ನು ಹೆಗಲಿಗೆ ಎಳೆದುಕೊಂಡು ಕತ್ತಿನ ಗುಂಡಿ ಹಾಕಿದಳು. ನಾಲ್ಕು ಗಂಟೆ, ಎಂದು ಐಲರ್ಟ್ ಯೋಚಿಸಿದ. ಪೆಡರ್‌ನ ಒಣ ಶರಟು ಅರ್ಧ ಗಂಟೆ ತಡೆದೀತು. ಒಂದು ಗಂಟೆಯ ಹೊತ್ತಿಗೆ ಅವಳು ಕಲ್ಲಿನ ಮೇಲೆ ಸ್ವಲ್ಪ ಕೂರುತ್ತೇನೆ ಎನ್ನುತ್ತಾಳೆ. ಛಾವಣಿಯಲ್ಲಿ ಅದನ್ನೂ ಕಲಿಸಿದ್ದರು: ಕೂರುತ್ತೇನೆ ಎಂದವನನ್ನು ಕೂರಲು ಬಿಡಬೇಡಿ.

"ಹೆರ್ಡಿಸ್, ಅದು ಕೊಡು," ಎಂದ. "ನನ್ನದು ಹೊದ್ಕೋ. ಇದರ ಒಳಮೈ ಒಣಗೇ ಇದೆ."

"ಬೇಡ. ನಾನು ಮಾಡಿದ್ದು, ನಾನೇ ಒದ್ದೆ ಆಗ್ತೀನಿ."

"ಅವನು ಹೇಳೋದು ಸರಿ, ಕೊಡು," ಎಂದ ಸ್ಟೈನಾರ್.

"ಇದು ಗುಡ್ಮುನ್‌ದು." ಅವಳು ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇದನ್ನ ಹೊತ್ತು ಇಲ್ಲೆಲ್ಲ ನಡೀಬೇಕು ಅಂತಲೇ ಬಂದೆ. ಇನ್ನೊಬ್ಬರ ಮೈಮೇಲೆ ನೋಡೋಕೆ ಆಗಲ್ಲ ನನಗೆ. ಬಲವಂತ ಮಾಡಬೇಡಿ."

ದುಃಖದ ಎದುರು ಹೇಗೆ ನಡೆದುಕೊಳ್ಳಬೇಕು ಎಂದು ಆ ಮೂವರು ಗಂಡಸರಿಗೆ ಗೊತ್ತಿದ್ದದ್ದು ಒಂದೇ ವಿಧಾನ, ಬೂಟು ನೋಡುವುದು. "ಸರಿ," ಎಂದ ಸ್ಟೈನಾರ್. "ಒಂದು ಗಂಟೆ ನೋಡೋಣ." ಚೀಲ ಹೆಗಲಿಗೇರಿಸಿದ.

"ಅದು ನನ್ನದು," ಎಂದ ಐಲರ್ಟ್.

ಸ್ಟೈನಾರ್ ತಿರುಗಿದ. "ಏನು ನಿನ್ನದು?"

"ಅವಳ ಮೇಲಿರೋ ಬಟ್ಟೆ. ಗುಡ್ಮುನ್‌ದು ನನ್ನ ಹತ್ರ ಇದೆ."

"ಬದಲಾಗಿದ್ಯಾ? ಯಾವಾಗ? ಬೆಳಗ್ಗೆ ಮಡಚುವಾಗಾ?"

ಬಾಗಿಲು ತೆರೆದಿತ್ತು, ಅದೂ ಎಷ್ಟು ಅಗಲವಾಗಿ. "ಹೂಂ," ಎಂದ ಐಲರ್ಟ್. "ಬೆಳಗ್ಗೆ. ಮಡಚುವಾಗ ಬದಲಾಗಿರಬೇಕು." ಎಲ್ಲ ಸರಿಹೋಯಿತು: ಅವಳು ಬೆಚ್ಚಗಿರುತ್ತಾಳೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

"ಇಲ್ಲ," ಎಂದಳು ಹೆರ್ಡಿಸ್. ಹಲ್ಲು ಕಡಿಯುತ್ತಿದ್ದುದರಿಂದ ಮಾತು ತುಂಡುತುಂಡಾಗಿ ಬಂತು. "ಬೆಳಗ್ಗೆ ನಾನೇ ಮಡಚಿದೆ. ಮೂರು ದಿನದಿಂದ ಇದನ್ನ ಕೈಬಿಟ್ಟಿಲ್ಲ. ಸೋಪಿನ ವಾಸನೆ ಮೇ ತಿಂಗಳಲ್ಲೇ ಇತ್ತು, ನಿನಗೆ ಹೇಳಿದ್ನಲ್ಲ. ನೀನು ಒಳ್ಳೆ ಮನಸ್ಸಿಂದ ಸುಳ್ಳು ಹೇಳ್ತಿದ್ದೀಯ ಐಲರ್ಟ್. ನಡೀರಿ, ಹೊತ್ತಾಗುತ್ತೆ."

ಅವಳು ನಡೆಯತೊಡಗಿದಳು. ಒಂದು ಹೆಜ್ಜೆ ಅಡ್ಡ ಬಿತ್ತು, ಕುಡಿದವಳ ಹಾಗೆ. ಅವನು ನೋಡಿದ್ದು ಆ ಹೆಜ್ಜೆಯನ್ನು.

"ಹೋದ ವರ್ಷ ನಾನು ಅದರಲ್ಲಿ ಉಚ್ಚೆ ಹೊಯ್ದೆ," ಎಂದು ಕೂಗಿದ. ಗಾಳಿಯನ್ನು ಮೀರಬೇಕಿತ್ತು, ಅದಕ್ಕೇ ಕೂಗಿದ. ಗಾಳಿಯೋ, ಮಳೆ ಶುರುವಾದಾಗಿನಿಂದ ಒಂದು ಕ್ಷಣ ಬಿಡದೆ ಬೀಸಿದ್ದು, ವಾಕ್ಯದ ನಡುವೆ ಉಸಿರು ತೆಗೆದುಕೊಳ್ಳಲು ನಿಂತಿತು. ಕೊನೆಯ ಎರಡು ಮಾತು ಬಯಲಿನಲ್ಲಿ ಬತ್ತಲೆ ನಿಂತವು. ಉಳಿದದ್ದನ್ನು ಅವನು ಸಣ್ಣ ದನಿಯಲ್ಲಿ, ಬೇಗಬೇಗ ಹೇಳಿದ. "ಆಪರೇಷನ್ ಆಗಿತ್ತು. ತಡ್ಕೊಳ್ಳೋಕೆ ಆಗಲಿಲ್ಲ. ಸೋಪು ಹಾಕಿ ಒಗೆದೆ. ಏಪ್ರಿಲ್‌ನಲ್ಲಿ ನಿಮ್ಮ ನೆಲಮಾಳಿಗೆಯಲ್ಲಿ ನನ್ನದು ಇಟ್ಟು ಗುಡ್ಮುನ್‌ದು ತಗೊಂಡೆ. ನೀನು ಏನೂ ಒಗೆದಿಲ್ಲ."

ಪೆಡರ್ ಬಾಯಿ ತೆರೆದ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ, ಏನೂ ಹೇಳದೆ ಮುಚ್ಚಿದ. ಅದು ಅವನು ಹೇಳಬಹುದಾಗಿದ್ದ ಯಾವ ತಮಾಷೆಗಿಂತಲೂ ಕೆಟ್ಟದಾಗಿತ್ತು.

ಹೆರ್ಡಿಸ್ ಹಿಂದಿರುಗಿ ಬಂದಳು. ಹತ್ತಿರ, ಬಹಳ ಹತ್ತಿರ ಬಂದು ನಿಂತಳು. ಹುಬ್ಬಿನ ಮೇಲೆ ಹಿಮದ ಹರಳುಗಳಿದ್ದವು.

"ನಾನು ವಾಫಲ್ ಹಾಕ್ತಿದ್ದಾಗ?"

"ಹೂಂ."

"ಮೂರು ತಿಂದೆ ನೀನು."

ಅವಳು ಕತ್ತಿನ ಗುಂಡಿಗೆ ಕೈ ಹಾಕಿದಳು. ಬೆರಳುಗಳು ಮೇಣದ ಬಣ್ಣಕ್ಕೆ ತಿರುಗಿದ್ದವು. ಗುಂಡಿ ಬೆರಳ ನಡುವೆ ಸಿಕ್ಕು, ಜಾರಿ, ಮತ್ತೆ ಸಿಕ್ಕಿತು. ಮೂರು ಸಲ ನೋಡಿ ಕೈ ಇಳಿಸಿ, ಗಲ್ಲ ಎತ್ತಿ ನಿಂತಳು. ಬೇರೆಯವರಿಗೆ ಹೇಳಬಹುದಿತ್ತು, ಪೆಡರ್ ಎರಡು ಮಾರಿನಲ್ಲಿದ್ದ. ಹೇಳಲಿಲ್ಲ. ಐಲರ್ಟ್ ತನ್ನ ಬಟ್ಟೆಯ ಗುಂಡಿಗಳನ್ನು ಅವಳ ಕತ್ತಿನಿಂದ ಕೆಳಗೆ ಒಂದೊಂದಾಗಿ ಬಿಚ್ಚಿದ. ಅವಳ ಉಸಿರು ಅವನ ಮಣಿಕಟ್ಟಿಗೆ ತಾಗುತ್ತಿತ್ತು. ಅದು ಬೆಚ್ಚಗಿದೆಯೇ ಎಂದು ಅವನು ಗಮನವಿಟ್ಟು ನೋಡಿದ, ಅಷ್ಟೇನೂ ಇರಲಿಲ್ಲ. ಗುಡ್ಮುನ್‌ನದನ್ನು ಹೊದಿಸಿ ಮೇಲಿನಿಂದ ಮತ್ತೆ ಹಾಕುತ್ತ ಬಂದ. ಕೊರಳಪಟ್ಟಿ ಮೂಗಿನ ಹತ್ತಿರ ಬಂದಾಗ ಅವಳ ಮುಖ ಅದರೊಳಗೆ ಇಳಿಯಿತು, ಬಹಳ ಹೊತ್ತು ಮೇಲೆ ಬರಲಿಲ್ಲ. ಸ್ಟೈನಾರ್ ಕೆಮ್ಮಿ ಬೇರೆ ಕಡೆ ನೋಡಿದ.

ಆಮೇಲೆ ನಡೆದರು. ಮಂಜಿನಲ್ಲಿ ದಾರಿ ತೋರಿಸುವ ಒಂದು ಕಲ್ಲುಗುಪ್ಪೆಯಿಂದ ಇನ್ನೊಂದು ಕಾಣುತ್ತಿರಲಿಲ್ಲ. ಮುಂದಿನವರ ಬೆನ್ನು ನೋಡಿ ಹೆಜ್ಜೆ ಇಡಬೇಕು. ಐಲರ್ಟ್ ಕೊನೆಯಲ್ಲಿದ್ದ. ತನ್ನ ಬಟ್ಟೆ ತನ್ನ ಮೈಮೇಲೆ ಬಂದು ಹತ್ತು ನಿಮಿಷದಲ್ಲಿ ನೀರು ಅಂಗಿಯನ್ನೂ, ಅರ್ಧ ಗಂಟೆಯಲ್ಲಿ ಚರ್ಮವನ್ನೂ ದಾಟಿ ಇನ್ನೂ ಒಳಗೆ ಎಲ್ಲಿಗೋ ಹೋಗುತ್ತಿರುವಂತಿತ್ತು. ಬೆಳಗ್ಗೆಯಿಂದ ಹೆದರಿದ್ದೆಲ್ಲ ಆಗಿಹೋದ ಮೇಲೆ ಹೆದರಿಕೆ ಹೋಗಬೇಕಿತ್ತು. ಅದು ಜಾಗ ಬದಲಿಸಿತ್ತು ಅಷ್ಟೆ. ಮುಂದಿನ ಮೂವರ ಬೆನ್ನು ಎರಡಾಯಿತು, ಮತ್ತೆ ಒಂದು. ಆ ಒಂದೂ ಮಂಜಿಗೆ ಸೇರಿತು. ಕೂಗಬಹುದಿತ್ತು. ಇವತ್ತು ಒಮ್ಮೆ ಕೂಗಿಯಾಗಿದೆ, ಇನ್ನೊಮ್ಮೆ ಕೂಗುವ ಹಕ್ಕಿಲ್ಲ ಎಂಬಂಥ ಯೋಚನೆ ಬಂತು. ದೊಡ್ಡದೊಂದು ಕಲ್ಲು ಕಂಡಿತು, ಗಾಳಿಗೆ ಮರೆಯಾಗಿ, ಚಪ್ಪಟೆಯಾಗಿ. ಸ್ವಲ್ಪ ಹೊತ್ತು ಕೂರೋಣ ಎನ್ನಿಸಿತು. ಆ ಮಾತು ತನ್ನದೇ ಎಂದು ಗುರುತು ಹಿಡಿಯಲು ಅವನಿಗೆ ಹೊತ್ತು ಹಿಡಿಯಿತು.

ಕಲ್ಲಿನ ಆಚೆ ಹೆರ್ಡಿಸ್ ನಿಂತಿದ್ದಳು.

"ಒದ್ದೆ ಆದ್ಯಾ?" ಎಂದಳು.

"ಆದೆ."

"ಪೂರ್ತಿ?"

"ಪೂರ್ತಿ."

ಅವಳು ಕೊರಳಪಟ್ಟಿಯನ್ನು ಗಲ್ಲದವರೆಗೆ ಎಳೆದುಕೊಂಡಳು. ತುಟಿಗೆ ಬಣ್ಣ ಮರಳಿತ್ತು. "ಮುಂದೆ ನಡಿ," ಎಂದಳು. "ನೀನು ಹಿಂದಿದ್ರೆ ನಿಂತುಬಿಟ್ರೂ ಯಾರಿಗೂ ಗೊತ್ತಾಗಲ್ಲ."

ಅವನು ಅವಳನ್ನು ದಾಟಿ ಮುಂದೆ ಹೋದ. ಈಗ ಅವಳಿಗೆ ಕಾಣುತ್ತಿರುವುದು ತನ್ನ ಬೆನ್ನು, ಬೆನ್ನಿಗಂಟಿದ ಆ ಬಟ್ಟೆ. ತಿರುಗಿ ನೋಡುವ ಧೈರ್ಯವಿರಲಿಲ್ಲ. ಹಿಂದೆ ಅವಳ ಬೂಟಿನ ಸದ್ದು ಬರುತ್ತಿತ್ತು. ಅದೊಂದನ್ನೇ ಕೇಳುತ್ತ ನಡೆದ. ಒಮ್ಮೆ ಅದು ನಿಂತಿತೇನೋ ಎನ್ನಿಸಿ ತಾನೂ ನಿಂತ. "ನಡಿ," ಎಂದಿತು ಹಿಂದಿನ ದನಿ. ನಡೆದ. ಕಾಲುಗಳು ದೂರದಲ್ಲಿ, ಬೇರೆ ಯಾರದೋ ಕಾಲುಗಳಂತೆ ಚಲಿಸುತ್ತಿದ್ದವು. ಕಲ್ಲುಮನೆಗೆ ಇನ್ನೂ ಎರಡು ಗಂಟೆಯೋ, ಮೂರೋ. ಏರು ಶುರುವಾದಲ್ಲಿ ಅವನಿಗೆ ತಿಳಿಯದೆಯೇ ಕಾಲುಗಳು ಮತ್ತೆ ನಿಂತುಬಿಟ್ಟವು. ಈ ಸಲ ಹಿಂದಿನಿಂದ ಮಾತು ಬರಲಿಲ್ಲ. ಅಂಗೈಯೊಂದು ಬಂದು ಒದ್ದೆ ಬಟ್ಟೆಗೆ ಅಂಟಿಕೊಂಡು, ಹಟ ಹಿಡಿದ ದನವನ್ನು ದಾಟಿಸುವವರ ಹಾಗೆ, ಅವನನ್ನು ಮುಂದಕ್ಕೆ ತಳ್ಳಿತು.